ಉಳ್ಳಾಗಡ್ಡಿ ಕಲ್ಲು ಗಂಡನ ಮನೆಗೆ ಹೋದದ್ದು

ಬಟ್ಟೆ ಒಗೆಯುವ ಸಾಬೂನು ಸವೆದು ಸವೆದು ಬೆರಳಿಗೆ ಸಿಗದಷ್ಟು ತೆಳ್ಳಗಾದಾಗ ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ದೊಡ್ಡವ್ವ ಅದನ್ನು ಹೊಸ ಸಾಬೂನಿನ ಬೆನ್ನಿಗೆ ಒತ್ತಿ ಅಂಟಿಸುತ್ತಾಳೆ. ಆ ಹೊಸದು ಸವೆದ ಮೇಲೆ ಅದು ಇನ್ನೊಂದರ ಬೆನ್ನಿಗೆ ಹೋಗುತ್ತದೆ. ಹೀಗಾಗಿ ನಮ್ಮ ಮನೆಯ ಸಾಬೂನು ಯಾವಾಗ ಶುರುವಾಯಿತು ಎಂದು ಯಾರೂ ಹೇಳಲಾರರು. ಮೊನ್ನೆ ಯಾಕೋ ಅದನ್ನು ಚಾಕುವಿನಿಂದ ಅಡ್ಡಲಾಗಿ ಕೊಯ್ದು ನೋಡಿದೆ. ನೀಲಿ, ಹಳದಿ, ಮತ್ತೆ ನೀಲಿ, ನಡುವೆ ಎಲ್ಲೋ ಒಂದು ಹಸಿರು ಗೆರೆ. ಪದರದ ಮೇಲೆ ಪದರ. ನನ್ನ ಕೈ ಸ್ವಲ್ಪ ನಡುಗಿತು. ಸಾಬೂನು ಕೊಯ್ದು ನಡುಗುವ ಗಂಡಸನ್ನು ನೋಡಿ ನನ್ನ ಹೆಂಡತಿ ಸುಮಾ ಚಾಕು ತೆಗೆದುಕೊಂಡು ಒಳಗೆ ಹೋದಳು.

ಯಾಕೆ ನಡುಗಿತು ಎಂದು ಹೇಳಬೇಕಾದರೆ ಕಲ್ಲಿನ ಸಂಗತಿ ಹೇಳಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಕಂಡದ್ದನ್ನು ಕಂಡಷ್ಟೇ ಬರೆಯಿರಿ ಎಂದು ಮಕ್ಕಳಿಗೆ ಹೇಳುತ್ತ ಬಂದವನು. ಇಲ್ಲಿಯೂ ಕಂಡಷ್ಟನ್ನೇ ಬರೆಯುತ್ತೇನೆ. ನಂಬುವುದು ನಿಮಗೆ ಕಷ್ಟವಾದರೆ, ನನಗೂ ಆಗಿತ್ತು ಎಂದು ಸಮಾಧಾನ ಮಾಡಿಕೊಳ್ಳಿ.

ದೊಡ್ಡವ್ವ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಅವಳಿಗೆ ಮಕ್ಕಳಿಲ್ಲ. ನಾನು ಅವಳ ಕೈಯಲ್ಲೇ ಬೆಳೆದವನು. ಅವಳ ಕೈಯಲ್ಲಿ ಎಂದರೆ, ಅವಳು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ. ಹಳೆಯ ಬಾಗಲಕೋಟೆಯ ನಮ್ಮ ಮನೆಯ ಹಿತ್ತಲಲ್ಲಿ ಆ ಕಲ್ಲಿತ್ತು. ಬೂದು ಬಣ್ಣದ್ದು, ಒಬ್ಬ ಮನುಷ್ಯ ತಬ್ಬಿಕೊಳ್ಳುವಷ್ಟು ದೊಡ್ಡದು. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಗುಮ್ಮಟದ ಹಾಗೆ ಉಬ್ಬು. ಒದ್ದೆಯಾದರೆ ಅದರ ಮೈಮೇಲೆ ಸುತ್ತುಸುತ್ತಾಗಿ ಗೆರೆಗಳು ಮೂಡುತ್ತಿದ್ದವು, ಅಡ್ಡ ಹೆಚ್ಚಿದ ಉಳ್ಳಾಗಡ್ಡಿಯ ಹಾಗೆ. ಒಣಗಿದರೆ ಮಾಯ. ಅದಕ್ಕೆ ಉಳ್ಳಾಗಡ್ಡಿ ಕಲ್ಲು ಎಂದು ಹೆಸರಿಟ್ಟವನು ನಾನೇ ಎಂದು ದೊಡ್ಡವ್ವ ಹೇಳುತ್ತಾಳೆ. ಅದನ್ನು ಒಮ್ಮೆ ನೆಕ್ಕಿ ನೋಡಿ, ಖಾರ ಇಲ್ಲ ಎಂದು ಅತ್ತಿದ್ದೆನಂತೆ.

ಆ ಕಲ್ಲಿಗೆ ಒಂದೇ ಶತ್ರು, ಹಾವಸೆ. ನೀರು ಬೀಳುವ ಜಾಗದಲ್ಲಿ ಹಸಿರಾಗಿ ಕೂಡುತ್ತದಲ್ಲ, ಕಾಲಿಟ್ಟರೆ ಜಾರಿಸುತ್ತದಲ್ಲ, ಆ ಪಾಚಿ. ದೊಡ್ಡವ್ವ ದಿನವೂ ಬೆಳಿಗ್ಗೆ ಬಟ್ಟೆಗೆ ಕೈ ಹಾಕುವ ಮೊದಲು ತೆಂಗಿನ ನಾರು ಹಿಡಿದು ಕಲ್ಲನ್ನು ತಿಕ್ಕುತ್ತಿದ್ದಳು. ಹಲ್ಲು ತಿಕ್ಕಿಕೊಳ್ಳದವರನ್ನು ಬೇಕಾದರೆ ಅವಳು ಮನೆಯೊಳಗೆ ಬಿಟ್ಟಾಳು. ಕಲ್ಲು ತಿಕ್ಕದ ಹೆಂಗಸಿನ ಕೈಯ ನೀರು ಕುಡಿಯಳು.

ಅಣೆಕಟ್ಟಿನ ಹಿನ್ನೀರು ಬಂದು ಊರಿಗೆ ಊರೇ ನವನಗರಕ್ಕೆ ಎದ್ದು ಬಂದಾಗ ಜನ ಬಾಗಿಲು, ತೊಲೆ, ಕಿಟಕಿ ಕಿತ್ತುಕೊಂಡು ಬಂದರು. ದೊಡ್ಡವ್ವ ಕಲ್ಲು ತಂದಳು. ಟ್ರ್ಯಾಕ್ಟರಿನಲ್ಲಿ ಕಲ್ಲಿಗೆ ಜಾಗ ಮಾಡಲು ದೊಡ್ಡಪ್ಪನ ಮಂಚ ಇಳಿಸಿದಳು. ದೊಡ್ಡಪ್ಪ ಆಮೇಲೆ ಬದುಕಿದಷ್ಟು ದಿನ ಚಾಪೆಯ ಮೇಲೆ ಮಲಗಿ ಆ ಕಲ್ಲನ್ನು ಸವತಿ ಎಂದೇ ಕರೆಯುತ್ತಿದ್ದ.

ಈ ಮನೆಯಲ್ಲಿದ್ದುಕೊಂಡು ನಾನು ಊರೂರಿಗೆ ಹೋಗಿ ಮಕ್ಕಳಿಗೆ ಪಳೆಯುಳಿಕೆಗಳ ಪಾಠ ಮಾಡಿದೆ. ಇಳಕಲ್ಲಿನ ಶಾಲೆಯಲ್ಲಿದ್ದಾಗ ಹುಡುಗರನ್ನು ಕಲ್ಲಿನ ಕ್ವಾರಿಗೆ ಕರೆದುಕೊಂಡು ಹೋಗಿ, ಹುಡುಕಿರಿ, ಏನಾದರೂ ಸಿಕ್ಕೀತು ಎಂದಿದ್ದೆ. ಅಲ್ಲಿನದು ಕೆಂಪು ಗ್ರಾನೈಟು, ಕುದಿದು ಆರಿದ ಕಲ್ಲು. ಅದರಲ್ಲಿ ಪಳೆಯುಳಿಕೆ ಹುಡುಕುವುದೆಂದರೆ ಒಲೆಯ ಕೆಂಡದಲ್ಲಿ ಮೀನು ಹುಡುಕಿದಂತೆ. ಬಿಸಿಲಲ್ಲಿ ಸುತ್ತಿ ಸುತ್ತಿ ಒಬ್ಬ ಹುಡುಗನಿಗೆ ಒಂದು ಚಪ್ಪಲಿ ಸಿಕ್ಕಿತು. ಬಾದಾಮಿಯಲ್ಲಿದ್ದಾಗ ಜೀವವಿಕಾಸದ ಪಾಠಕ್ಕೆ ಮಕ್ಕಳನ್ನು ಕೆರೆಯ ದಂಡೆಗೆ ಕೂರಿಸಿದ್ದೆ. ಮಂಗಗಳು ನಮ್ಮ ಅಜ್ಜಂದಿರಲ್ಲ, ದೂರದ ದಾಯಾದಿಗಳು ಎಂದು ವಿವರಿಸುತ್ತಿರುವಾಗಲೇ ಒಂದು ದಾಯಾದಿ ಬಂದು ನನ್ನ ಬುತ್ತಿಯ ಗಂಟು ಎತ್ತಿಕೊಂಡು ಬಂಡೆ ಏರಿತು. "ಸರ್, ಪಾಲು ಕೇಳಾಕ ಬಂದೈತ್ರಿ" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಅಂದಿನ ಪಾಠ ಅಲ್ಲಿಗೆ ಮುಗಿಯಿತು.

ಹೀಗೆ ಊರೆಲ್ಲ ಹುಡುಕಿ ಸಂಜೆ ಮನೆಗೆ ಬಂದು, ಹಿತ್ತಲಿನ ಕಲ್ಲಿನ ಮೇಲೆ ನಿಂತು ಕಾಲು ತೊಳೆದುಕೊಳ್ಳುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇಲ್ಲಿಯ ಕಾಲೇಜೊಂದರಿಂದ ಭೂವಿಜ್ಞಾನದ ಮೇಡಂ ಒಬ್ಬರು ಬಂದರು. ಮೈಸೂರಿನ ಕಡೆಯವರು, ಹೆಸರು ಶೈಲಜಾ. ಪ್ರದರ್ಶನ ಮುಗಿದ ಮೇಲೆ ಊಟಕ್ಕೆ ಮನೆಗೆ ಕರೆದೆ. ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು, ಕೈ ತೊಳೆಯಲು ಹಿತ್ತಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಮೇಡಂ ಕಲ್ಲಿನ ಮುಂದೆ ಮಂಡಿಯೂರಿದ್ದಾರೆ. ಒಂದು ಕಣ್ಣಿಗೆ ಭೂತಗನ್ನಡಿ ಹಿಡಿದಿದ್ದಾರೆ. ಪಕ್ಕದಲ್ಲಿ ದೊಡ್ಡವ್ವ ಬಕೀಟು ಹಿಡಿದು ನಿಂತಿದ್ದಾಳೆ.

"ಏನರ ಕಳಕೊಂಡಿ ಏನವ್ವಾ? ಮೂಗಬಟ್ಟು ಬಿತ್ತೇನು?" ಎಂದು ದೊಡ್ಡವ್ವ ಕೇಳುತ್ತಿದ್ದಳು.

ಮೇಡಂ ಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದು ಕಲ್ಲಿನ ಮೇಲೆ ಒಂದು ಹನಿ ಆಮ್ಲ ಬಿಟ್ಟರು. ಬುರುಬುರು ನೊರೆ ಬಂತು.

"ನೊರಿ ಬರದ ಏನ ಮಾಡೀತು? ನಾ ಬಂದಾಗಿಂದ ಸಾಬಾನ ಕುಡದೈತಿ ಅದು" ಎಂದಳು ದೊಡ್ಡವ್ವ.

ಮೇಡಂ ಎದ್ದು ನಿಂತು, ಕೈ ಒರೆಸಿಕೊಳ್ಳುವುದನ್ನೂ ಮರೆತು ನನ್ನ ಕಡೆ ತಿರುಗಿದರು. "ಸರ್, ಇದು ಬರೀ ಕಲ್ಲಲ್ಲ. ಸ್ಟ್ರೊಮಾಟೊಲೈಟ್. ಪಳೆಯುಳಿಕೆ. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರ ಇತ್ತು. ಅದರ ತಳದಲ್ಲಿ ಹಾವಸೆಯಂಥ ಸಣ್ಣ ಜೀವಿಗಳು ಹಾಸಿನ ಹಾಗೆ ಬೆಳೆದವು. ಅವುಗಳ ಮೇಲೆ ಕೆಸರು ಕೂತಿತು. ಕೆಸರಿನ ಮೇಲೆ ಮತ್ತೆ ಹಾವಸೆ. ಹೀಗೆ ಪದರ ಪದರವಾಗಿ ಬೆಳೆದು ಈ ಗುಮ್ಮಟ ಆಗಿದೆ. ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯಲ್ಲ. ಡೈನೋಸಾರ್ ಇಲ್ಲ, ಮೀನಿಲ್ಲ, ಒಂದು ಹುಲ್ಲುಕಡ್ಡಿ ಕೂಡ ಇಲ್ಲದ ಕಾಲ ಸರ್ ಅದು. ನಾವು ಉಸಿರಾಡ್ತಿರೋ ಗಾಳೀನ ಉಸಿರಾಡೋ ಹಾಗೆ ಮಾಡಿದ್ದು ಇಂಥವೇ."

ನನಗೆ ನೆನಪಾದದ್ದು ಜೀವವಿಕಾಸವಲ್ಲ. ಆ ದಿನ ಬೆಳಿಗ್ಗೆ ಅದರ ಮೇಲೆ ನಾನು ಹಿಂಡಿದ್ದ ಬನಿಯನ್ನು.

ದೊಡ್ಡವ್ವ ಕಲ್ಲನ್ನು ನೋಡಿದಳು, ಕೈಯಲ್ಲಿದ್ದ ತೆಂಗಿನ ನಾರನ್ನು ನೋಡಿದಳು, ಮೇಡಂ ಅವರನ್ನು ನೋಡಿದಳು. "ಹಾವಸಿ ಮ್ಯಾಲ ಹಾವಸಿ ಕುಂತು ಇಷ್ಟ ದೊಡ್ಡದ ಆತು ಅಂತೀರಿ. ಅಷ್ಟ ವರ್ಷ ತಿಕ್ಕವರು ಒಬ್ಬರೂ ಇದ್ದಿಲ್ಲೇನ್ರಿ?"

ವೈಜ್ಞಾನಿಕವಾಗಿ ನೋಡಿದರೆ ಪ್ರಶ್ನೆ ಸರಿಯಾಗಿಯೇ ಇತ್ತು. ತಿಕ್ಕುವವರು, ಎಂದರೆ ಹಾವಸೆ ಮೇಯುವ ಹುಳುಹುಪ್ಪಟೆಗಳು, ಆಗಿನ್ನೂ ಹುಟ್ಟಿರಲಿಲ್ಲ. ಅದಕ್ಕೇ ಅದು ಅಷ್ಟು ಬೆಳೆದದ್ದು. ಇದನ್ನು ನಾನು ಆಮೇಲೆ ಓದಿ ತಿಳಿದೆ.

ಅಂದಿನಿಂದ ಮನೆ ಮೊದಲಿನ ಹಾಗೆ ಉಳಿಯಲಿಲ್ಲ. ಸುಮಾ ಕಲ್ಲಿನ ಮೇಲೆ ಲಂಗ, ಚಡ್ಡಿ ಹಾಕುವುದು ಬಿಟ್ಟಳು. "ಹಿರೇರ ಮ್ಯಾಲ ಹೆಂಗ ಹಾಕೂದ್ರಿ?" ಎಂದಳು. ಪಕ್ಕದ ಮನೆಯ ಸಿದ್ದಪ್ಪ ಬೀರಪ್ಪನ ಭಕ್ತ, ಮೂರು ಗಾಲಿಯ ಟಂಟಂ ಓಡಿಸುತ್ತಾನೆ. ಅವನು ಬಂದು ಸುತ್ತ ನೋಡಿ, ಯಾವುದಕ್ಕೂ ಇರಲಿ ಎಂದು ಒಂದು ಚಿಟಿಕೆ ದೇವರ ಭಂಡಾರ ಹಚ್ಚಿ ಹೋದ. ಹಚ್ಚಿದ ಅರಿಶಿಣ ಮರುದಿನ ನನ್ನ ಬಿಳಿ ಅಂಗಿಗೆ ಬಂತು. ಮೇಡಂ ಎರಡು ಸಲ ಫೋನ್ ಮಾಡಿದರು. ಕಲ್ಲನ್ನು ಕಾಲೇಜಿನ ವಸ್ತುಸಂಗ್ರಹಾಲಯಕ್ಕೆ ಕೊಡಿ, ಸಾಬೂನು ಬಿದ್ದು ಬಿದ್ದು ಪದರ ಅಳಿಸಿಹೋಗುತ್ತದೆ ಎಂದರು. ಕೆಳಗೆ ನಿಮ್ಮ ಹೆಸರು ಹಾಕುತ್ತೇವೆ ಎಂದೂ ಹೇಳಿದರು. ಆ ಮಾತು ಕೇಳಿದ ಮೇಲೆ ನನಗೆ ವಿಜ್ಞಾನದ ಬಗ್ಗೆ ಇದ್ದ ಗೌರವ ಹೆಚ್ಚಿತು.

ಸುಮಾಳಿಗೆ ಬೇರೆ ಕಾರಣವಿತ್ತು. ಹಿಂದಿನ ಮಳೆಗಾಲದಲ್ಲಿ ದೊಡ್ಡವ್ವ ಹಿತ್ತಲಲ್ಲಿ ಜಾರಿ ಬಿದ್ದು ಮಣಿಕಟ್ಟಿಗೆ ಪಟ್ಟಿ ಹಾಕಿಸಿಕೊಂಡಿದ್ದಳು. ಆಗಲೇ ನಾವು ವಾಷಿಂಗ್ ಮಷಿನ್ ತಂದಿದ್ದೆವು. ದೊಡ್ಡವ್ವ ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಕಲ್ಲು ಹೋದರೆ ಮುದುಕಿ ಹಿತ್ತಲಿಗೆ ಹೋಗುವುದು ತಪ್ಪುತ್ತದೆ ಎಂಬುದು ಸುಮಾಳ ಲೆಕ್ಕ. ಪ್ರೀತಿಯ ಲೆಕ್ಕವೇ. ಆದರೆ ಕಲ್ಲು ಹೋದರೆ ದೊಡ್ಡವ್ವ ಬೆಳಿಗ್ಗೆ ಎದ್ದು ಎಲ್ಲಿ ಹೋಗಬೇಕು ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ.

ಕಲ್ಲು ಕೊಟ್ಟುಬಿಡೋಣ ಎಂದು ಹೇಳಿದಾಗ ದೊಡ್ಡವ್ವ ಜಗಳ ಮಾಡಲಿಲ್ಲ. ಬಟ್ಟೆ ಹಿಂಡುತ್ತಲೇ ಕೇಳಿದಳು. ಮರುದಿನ ಊಟಕ್ಕೆ ಕುಳಿತಾಗ ಅಂದಳು:

"ಕಳಸೂದಾದ್ರ ಸಾಮಾನ ಹೇರಿದಂಗ ಹೇರಬ್ಯಾಡ್ರಿ. ಹೆಣ್ಣಮಗಳನ್ನ ಕಳಸಿದಂಗ ಕಳಸ್ರಿ. ಉಡಿ ತುಂಬ್ರಿ."

"ಕಲ್ಲಿಗೆ ಉಡಿ ತುಂಬೂದೇನ ಬೇ?" ಎಂದೆ.

"ನೂರ ಕೋಟಿ ವರ್ಷದ ಹೆಣ್ಣಮಗಳಿಗೆ ಬರಿಗೈಲೆ ಕಳಸ್ತೀಯೇನೋ ಮಾಸ್ತರ? ನಾಚಿಕಿ ಬರೂದಿಲ್ಲ?"

ಇಷ್ಟರಲ್ಲೇ ಕೆಲಸ ಮುಗಿಯುತ್ತದಲ್ಲ ಎಂದು ನಾವು ಸಂತೋಷದಿಂದ ಒಪ್ಪಿದೆವು. ಯುಗಾದಿ ಆದ ಮೇಲೆ ಒಂದು ಸೋಮವಾರ ಕಲ್ಲಿಗೆ ಎಣ್ಣೆ ಹಚ್ಚಿ ನೀರೆರೆದರು. ಗುಳೇದಗುಡ್ಡದ ರವಿಕೆ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು ಇಟ್ಟು ಉಡಿ ತುಂಬಿದರು. ದೊಡ್ಡವ್ವ ತನ್ನ ಪೆಟ್ಟಿಗೆಯಿಂದ ಒಂದು ಇಳಕಲ್ ಸೀರೆ ತೆಗೆದು ಹೊದಿಸಿದಳು. ನಾಲ್ಕು ಜನ ಹಿಡಿದು ಸಿದ್ದಪ್ಪನ ಟಂಟಂನಲ್ಲಿ ಕೂರಿಸಿದರು. ಸೀರೆ ಹೊದ್ದು, ಉಬ್ಬಿದ ಮೈ ಹೊತ್ತು, ತಲೆ ತಗ್ಗಿಸಿಕೊಂಡಂತೆ ಅದು ಕುಳಿತಿತ್ತು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಒಬ್ಬಳು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ನೋಡಿದೆ ಎಂದಷ್ಟೇ ಹೇಳುತ್ತೇನೆ.

"ಸಾವಕಾಶ ಹೊಡಿಯಪ್ಪಾ ಸಿದ್ದಪ್ಪ, ಆಕಿ ಹೊಸದಾಗಿ ಹೊಂಟಾಳ" ಎಂದಳು ದೊಡ್ಡವ್ವ. ಸಿದ್ದಪ್ಪ ತಲೆಯಾಡಿಸಿದ. ನಗಲಿಲ್ಲ.

ಆಮೇಲೆ ಹಿತ್ತಲು ಸುಮ್ಮನಾಯಿತು. ಕಲ್ಲಿದ್ದ ಜಾಗದಲ್ಲಿ ಒಂದು ಒದ್ದೆ ಗುರುತು ಉಳಿದಿತ್ತು. ಕೆಲವು ದಿನಕ್ಕೆ ಅದೂ ಒಣಗಿತು. ದೊಡ್ಡವ್ವ ಮೊದಲಿನ ಹೊತ್ತಿಗೇ ಏಳುತ್ತಿದ್ದಳು. ಹಿತ್ತಲ ಬಾಗಿಲು ತೆಗೆದು ನಿಲ್ಲುತ್ತಿದ್ದಳು, ಮತ್ತೆ ಹಾಕುತ್ತಿದ್ದಳು. ವಾಷಿಂಗ್ ಮಷಿನಿನ ಗಾಜಿನ ಬಾಗಿಲಿನ ಮುಂದೆ ಮಣೆ ಹಾಕಿಕೊಂಡು ಕುಳಿತು ಒಳಗೆ ಬಟ್ಟೆ ಸುತ್ತುವುದನ್ನು ನೋಡುತ್ತಿದ್ದಳು. "ತಿಕ್ಕೂದ ಇಲ್ಲ. ಬರೇ ತಿರಗತೈತಿ" ಎನ್ನುತ್ತಿದ್ದಳು. ಅರ್ಧ ರೊಟ್ಟಿ ತಿಂದು ಏಳತೊಡಗಿದಳು. ಅವಳ ಅಂಗೈ ಮೊದಲ ಸಲ ಮೆತ್ತಗಾಗಿತ್ತು. ಅದನ್ನು ಅವಳು ನನಗೆ ತೋರಿಸಿದಳು, ಬಾವು ತೋರಿಸುವ ಹಾಗೆ. ಸುಮಾ ಡಾಕ್ಟರನ್ನು ಕರೆಸಿದಳು. ಅವರು ಟಾನಿಕ್ ಬರೆದುಕೊಟ್ಟರು.

ಶ್ರಾವಣ ಬಂತು. ಪಂಚಮಿ ಹತ್ತಿರವಾಯಿತು. ನಮ್ಮ ಕಡೆ ಪಂಚಮಿ ಎಂದರೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಣ್ಣ ತಮ್ಮಂದಿರು ಬುತ್ತಿ ಕಟ್ಟಿಕೊಂಡು ಕರೆಯಲು ಹೋಗುತ್ತಾರೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲ, ಹೀಗಾಗಿ ಆ ಓಡಾಟ ನಮಗೆ ಎಂದೂ ಇರಲಿಲ್ಲ. ಓಣಿಯಲ್ಲಿ ಜೋಕಾಲಿ ಕಟ್ಟಿದರೆ ದೊಡ್ಡವ್ವ ಕಿಟಕಿಯಿಂದ ನೋಡುತ್ತಿದ್ದಳು, ಅಷ್ಟೆ. ಆ ವರ್ಷ ಅವಳು ಎದ್ದು ಶೇಂಗಾ ಹುರಿದಳು. ಉಂಡಿ ಕಟ್ಟಿದಳು, ಎಳ್ಳಿನವು ಬೇರೆ, ಶೇಂಗಾದವು ಬೇರೆ. ಗಂಟು ಕಟ್ಟಿ ನನ್ನ ಮುಂದಿಟ್ಟಳು.

"ಏಳು. ಕರಕೊಂಡ ಬರೂಣು ನಡಿ."

"ಯಾರನ್ನ?"

"ಉಡಿ ತುಂಬಿ ಕಳಿಸಿದವ ನೀನ. ಯಾರನ್ನ ಅಂತ ನನ್ನ ಕೇಳ್ತಿ?"

ನಾನು ಸುಮಾಳ ಕಡೆ ನೋಡಿದೆ. ಅವಳೂ ಇಲ್ಲಿಯ ಹೆಣ್ಣೇ, ಹುನಗುಂದದವಳು. ತನ್ನ ತಮ್ಮ ನಾಳೆ ಕರೆಯಲು ಬರುತ್ತಾನೆಂದು ಚೀಲ ತುಂಬಿ ಕುಳಿತಿದ್ದಳು. ಏನು ಹೇಳಿಯಾಳು?

ಕಾಲೇಜಿನ ವಸ್ತುಸಂಗ್ರಹಾಲಯ ಒಂದು ಉದ್ದ ಕೋಣೆ. ಮೂಲೆಯಲ್ಲಿ ಒಂದು ಮರದ ಕಟ್ಟೆಯ ಮೇಲೆ ನಮ್ಮ ಕಲ್ಲಿತ್ತು. ಒಣಗಿತ್ತು. ಗೆರೆಗಳೆಲ್ಲ ಅಡಗಿ ಬರಿಯ ಬೂದು ಗುಂಡಾಗಿತ್ತು. ಕೆಳಗೆ ನನ್ನ ಹೆಸರಿತ್ತು, ಒಂದು ಅಕ್ಷರ ತಪ್ಪಾಗಿ. ಪಕ್ಕದಲ್ಲೇ ಪ್ಲಾಸ್ಟರಿನ ಒಂದು ಡೈನೋಸಾರ್ ಬಾಯಿ ತೆರೆದುಕೊಂಡು ನಿಂತಿತ್ತು. ದೊಡ್ಡವ್ವ ಅದನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಇವನೇನು ಅಳಿಯ? ಹಲ್ಲ ನೋಡು ಇವನವು. ಇಂಥವಗ ಕೊಟ್ಟು ಹುಡುಗಿ ಹೆಂಗ ಸೊರಗ್ಯಾಳ ನೋಡು."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ವರ ವಧುವಿಗಿಂತ ಕಡಿಮೆಯೆಂದರೂ ಎಪ್ಪತ್ತೈದು ಕೋಟಿ ವರ್ಷ ಚಿಕ್ಕವನು.

ಮೇಡಂ ನಮ್ಮನ್ನು ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋದರು. ಪ್ರಿನ್ಸಿಪಾಲರೂ ಹುನಗುಂದದ ಕಡೆಯವರೇ. ದೊಡ್ಡವ್ವ ಉಂಡಿಯ ಗಂಟನ್ನು ಮೇಜಿನ ಮೇಲಿಟ್ಟು, "ಮಗಳನ್ನ ಪಂಚಮಿಗೆ ಕರಿಯಾಕ ಬಂದೇವ್ರಿ" ಎಂದಳು. ಅವರು ಕನ್ನಡಕ ತೆಗೆದರು.

"ಉಡಿ ತುಂಬಿ ಕೊಟ್ಟಿದ್ರೇನು?"

"ತುಂಬಿದ್ವಿ."

"ಖಣ?"

"ಗುಳೇದಗುಡ್ಡದ್ದು."

ಅವರು ಉಂಡಿಯ ಗಂಟು ಬಿಚ್ಚಿದರು. "ಮೇಡಮ್ಮಾರ, ಹಂಗಿದ್ರ ಕಳಸಬೇಕಾಗತೈತ್ರಿ."

"ಸರ್, ಅದು ಸ್ಪೆಸಿಮನ್" ಎಂದರು ಮೇಡಂ.

"ಇರಲ್ರಿ. ನಿನ್ನಿ ನಮ್ಮ ಸೊಸಿ ಅಣ್ಣ ಬಂದು ಆಕಿನ್ನ ಕರಕೊಂಡು ಹೋದ. ನಾ ಇಲ್ಲ ಅಂದ್ನೇನು? ತವರಿನವರು ಬುತ್ತಿ ತಂದು ಬಾಗಲಾಗ ನಿಂತಾಗ ಕಳಸೂದಿಲ್ಲ ಅಂದ್ರ ನಮ್ಮ ಕಾಲೇಜಿಗೆ ಮುಂದ ಯಾರು ಕಲ್ಲ ಕೊಡತಾರ್ರಿ?" ದೊಡ್ಡವ್ವನ ಕಡೆ ತಿರುಗಿ, "ಹಬ್ಬ ಮುಗದ ಮ್ಯಾಲ ಕಳಸ್ರಿ ಮತ್ತ" ಎಂದು ಒಂದು ಉಂಡಿ ಬಾಯಿಗೆ ಹಾಕಿಕೊಂಡರು.

"ಅದನ್ನ ಹಬ್ಬ ಆದಮ್ಯಾಲ ನೋಡೂಣ್ರಿ" ಎಂದಳು ದೊಡ್ಡವ್ವ.

ಕಲ್ಲು ಅದೇ ಟಂಟಂನಲ್ಲಿ ಬಂತು. ಪಂಚಮಿಯ ದಿನ ನಾಗಪ್ಪನಿಗೆ ಹಾಲೆರೆದು ಉಳಿದದ್ದನ್ನು ಅದರ ನೆತ್ತಿಯ ಮೇಲೆ ಹೊಯ್ದರು. ಒದ್ದೆಯಾದ ಕೂಡಲೇ ಗೆರೆಗಳು ಒಂದೊಂದಾಗಿ ಮೇಲೆ ಬಂದವು. ಮರುದಿನ ಬೆಳಿಗ್ಗೆ ಧಪ್, ಧಪ್ ಎಂಬ ಸದ್ದಿಗೆ ನನಗೆ ಎಚ್ಚರವಾಯಿತು. ಆ ದಿನ ದೊಡ್ಡವ್ವ ಎರಡು ರೊಟ್ಟಿ ತಿಂದಳು, ಮೂರನೆಯದನ್ನು ಚಟ್ನಿ ಚೆನ್ನಾಗಿಲ್ಲ ಎಂದು ಬೈಯುತ್ತ ತಿಂದಳು. ತವರಿನಿಂದ ಬಂದ ಸುಮಾ ಹಿತ್ತಲಿನ ನೆಲ ಜಾರದಂತೆ ಒಂದು ರಬ್ಬರ್ ಚಾಪೆ ತಂದು ಹಾಸಿದಳು.

ಹಬ್ಬ ಮುಗಿಯಿತು. ವಾರ ಕಳೆಯಿತು. ಮೇಡಂ ಫೋನ್ ಮಾಡಿದರು, ಆಮೇಲೆ ತಾವೇ ಬಂದರು. ಹೊರಗೆ ಕಾಲೇಜಿನ ಗಾಡಿ ನಿಂತಿತ್ತು. ನಾನು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಹೆಣ್ಣನ್ನು ಗಂಡನ ಮನೆಗೆ ತಿರುಗಿ ಕಳಿಸದ ತವರಿಗೆ ಏನು ಮರ್ಯಾದೆ? ಕಳಿಸಿದರೆ ಮತ್ತೆ ಅದೇ ಮಣೆ, ಅದೇ ಮಷಿನಿನ ಗಾಜು.

ಕಲ್ಲು ತೊಳೆದು ಸಿದ್ಧವಾಗಿತ್ತು. ಅದರ ಮೇಲೆ ಹಸಿರು ಬಳೆಗಳ ಒಂದು ಸಾಲು ಇಟ್ಟಿತ್ತು. ಪಕ್ಕದಲ್ಲಿ ಹೊಸ ಖಣ, ಅದೂ ಹಸಿರು. ಮೈಸೂರಿನವರಿಗೆ ಅದು ಏನೆಂದು ತಿಳಿಯಲಿಲ್ಲ. ನನಗೆ ತಿಳಿಯಿತು. ಬಸುರಿಗೆ ಕುಬಸ ಮಾಡುವಾಗ ಇಡುವ ಸಾಮಾನು ಅದು.

ದೊಡ್ಡವ್ವ ಸೆರಗು ಸರಿಮಾಡಿಕೊಂಡು ಕಲ್ಲಿನ ಉಬ್ಬಿದ ಬದಿಗೆ ಕೈ ತೋರಿಸಿದಳು.

"ನೋಡ್ರಿ ಬೀಗ್ತಿ. ನೀವ ಭೂತಗನ್ನಡಿ ಹಚ್ಚಿ ನೋಡೀರಿ, ನಿಮಗ ಹೇಳಬೇಕಂತಿಲ್ಲ. ಹೊಟ್ಟಿ ಹೆಂಗ ಐತಿ? ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕ್ರಿ. ಹೆಂಗ ಕಳಸ್ಲಿ?"

ಮೇಡಂ ನನ್ನನ್ನು ನೋಡಿದರು. ನಾನು ಬಳೆಗಳನ್ನು ನೋಡಿದೆ. ಅವರು, ಪರೀಕ್ಷೆಯಲ್ಲಿ ಮೌಖಿಕ ಪ್ರಶ್ನೆ ಕೇಳುವ ದನಿಯಲ್ಲಿ, "ಎಷ್ಟು ತಿಂಗಳು ಅಜ್ಜಿ?" ಎಂದು ಕೇಳಿದರು.

"ಅದನ್ನ ನೀವ ಹೇಳಬೇಕು. ವರ್ಷಕ್ಕ ಒಂದ ಉಗುರಿನ ದಪ್ಪನೂ ಬೆಳ್ಯಾಂಗಿಲ್ಲ ಅಂದವರು ನೀವ. ಅಂಥಾಕಿಗೆ ಒಂಬತ್ತ ತಿಂಗಳ ಲೆಕ್ಕ ಹಚ್ಚಿದ್ರ ನಡದೀತೇನ್ರಿ? ದಿನ ತುಂಬಲಿ. ಅವಸರ ಮಾಡಬ್ಯಾಡ್ರಿ."

ಮೇಡಂ ಸುಮಾ ಹಾಸಿದ ರಬ್ಬರ್ ಚಾಪೆಯ ಮೇಲೆ ಹಾಗೆಯೇ ಕುಳಿತುಬಿಟ್ಟರು. ಮುಖ ಮುಚ್ಚಿಕೊಂಡಿದ್ದರಿಂದ ಅತ್ತರೋ ನಕ್ಕರೋ ಹೇಳಲಾರೆ. ಎದ್ದಾಗ ಗಾಡಿಯನ್ನು ಖಾಲಿ ಕಳಿಸಿದರು.

ಈಗ ವರ್ಷಕ್ಕೊಮ್ಮೆ ಅವರೇ ವಿದ್ಯಾರ್ಥಿಗಳನ್ನು ನಮ್ಮ ಹಿತ್ತಲಿಗೆ ಕರೆತರುತ್ತಾರೆ. ಕಾಲೇಜಿನಲ್ಲಿ ಆ ಮರದ ಕಟ್ಟೆ ಖಾಲಿ ಇದೆಯಂತೆ. ಬಂದವರು ಕೇಳಿದರೆ ಅಲ್ಲಿಯ ಜವಾನ, "ಹಡೀಲಿಕ್ಕೆ ಹೋಗ್ಯಾಳ್ರಿ" ಎನ್ನುತ್ತಾನಂತೆ. ಡೈನೋಸಾರ್ ಒಬ್ಬನೇ ಬಾಯಿ ತೆರೆದು ನಿಂತಿದ್ದಾನೆ.

ಇಷ್ಟೇ ಆಗಿದ್ದರೆ ನಾನು ಸಾಬೂನು ಕೊಯ್ದು ನಡುಗುತ್ತಿರಲಿಲ್ಲ. ದೊಡ್ಡವ್ವ ಇಂದಿಗೂ ದಿನ ಬೆಳಿಗ್ಗೆ ತೆಂಗಿನ ನಾರು ಹಿಡಿದು ಕಲ್ಲು ತಿಕ್ಕುತ್ತಾಳೆ. ಚಪ್ಪಟೆ ಬದಿ ತಿಕ್ಕುತ್ತಾಳೆ, ಅಂಚು ತಿಕ್ಕುತ್ತಾಳೆ. ಆದರೆ ಗುಮ್ಮಟದ ನೆತ್ತಿಯ ಮೇಲೆ, ಒಂದು ಅಂಗೈ ಅಗಲದ ಜಾಗಕ್ಕೆ ಬಂದಾಗ ಅವಳ ಕೈ ಸುತ್ತು ಹಾಕಿ ಆಚೆ ಹೋಗುತ್ತದೆ. ಅಲ್ಲಿ ಹಾವಸೆ ಕೂತಿದೆ. ಎಳೆಯ ಹಸಿರು. ಯಾಕೆ ಬಿಟ್ಟಿ ಎಂದು ಒಮ್ಮೆ ಕೇಳಿದೆ.

"ಇರಲಿ ಬಿಡು" ಎಂದಳು, ನೀರು ಚಿಮುಕಿಸುತ್ತ. "ಬೆಳೀಲಿ."